ಕಂಡುದನ್ನು ಕಾಣಿಸುವ ಕಲೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ತಿಳಿವಳಿಕೆಯನ್ನು ಪಡೆಯುವುದಕ್ಕೆ ಇರುವ ಈ ಎರಡು ದಾರಿಗಳು ಒಂದೆಡೆ ಕೂಡುತ್ತವೆ; ಅದೇ ಪ್ರವಾಸ ಸಾಹಿತ್ಯ. ಒಬ್ಬನು ಸುತ್ತಿದ ದೇಶವು ಬರವಣಿಗೆಯ ಮೂಲಕ ಮತ್ತೊಬ್ಬನು ಓದುವ ಕೋಶವಾಗುತ್ತದೆ. ಆ ಬರಹ ಒಳ್ಳೆಯದಾಗಿದ್ದರೆ, ಓದಿದವನ ಮನಸ್ಸಿನಲ್ಲಿ ತಾನೂ ಆ ಸ್ಥಳವನ್ನು ಒಮ್ಮೆ ನೋಡಿಬರಬೇಕೆಂಬ ಹಂಬಲ ಹುಟ್ಟುತ್ತದೆ. ಹೀಗೆ ಹಂಬಲವನ್ನು ಹುಟ್ಟಿಸುವ ಶಕ್ತಿ ಕೆಲವು ಬರಹಗಳಿಗೆ ಮಾತ್ರ ಇರುವುದೇಕೆ? ಅದೇ ಊರನ್ನು ಕುರಿತು ಬರೆದ ಬೇರೊಂದು ಬರಹ ರೈಲ್ವೆ ವೇಳಾಪಟ್ಟಿಯಂತೆ ನೀರಸವಾಗುವುದೇಕೆ? ಇದು ವಿಚಾರ ಮಾಡತಕ್ಕ ಸಂಗತಿ.

ಕನ್ನಡದಲ್ಲಿ ಪ್ರವಾಸ ಸಾಹಿತ್ಯ ಸಮೃದ್ಧವಾಗಿ ಬೆಳೆದಿದೆ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಹಂಪೆಯ ಹಾಳುಬಿದ್ದ ಕಲ್ಲುಗಳ ನಡುವೆ ಕನ್ನಡಿಗರನ್ನು ಕೈಹಿಡಿದು ನಡೆಸಿತು. ಶಿವರಾಮ ಕಾರಂತರು ಯುರೋಪಿನ ಪ್ರವಾಸವನ್ನು ‘ಅಪೂರ್ವ ಪಶ್ಚಿಮ’ದಲ್ಲಿ ಬರೆದರು. ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಅಮೆರಿಕವನ್ನು ಹಳ್ಳಿಯವನ ಕಣ್ಣಿನಿಂದಲೇ ನೋಡಿ ‘ಅಮೆರಿಕದಲ್ಲಿ ಗೊರೂರು’ ಎಂಬ ಗ್ರಂಥವನ್ನು ರಚಿಸಿದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ವಿದ್ಯಾರ್ಥಿಗಳೊಡನೆ ಕಾಡುಮೇಡುಗಳಲ್ಲಿ ಗಿಡಮರಗಳನ್ನು ಹುಡುಕಿ ಅಲೆದ ಕಥೆ. ಅದಕ್ಕೂ 1978ರಲ್ಲಿ ಅದೇ ಪ್ರಶಸ್ತಿ ಸಂದಿತು. ಈ ಲೇಖಕರು ನೋಡಿದ ಸ್ಥಳಗಳು ಬೇರೆ ಬೇರೆ. ಆದರೆ ಅವರೆಲ್ಲರಲ್ಲಿಯೂ ಒಂದು ಗುಣ ಸಮಾನವಾಗಿದೆ. ಅವರು ಇತರರು ಹೇಳಿದುದನ್ನು ಮತ್ತೆ ಹೇಳದೆ, ತಮ್ಮ ಕಣ್ಣಿಗೆ ಬಿದ್ದುದನ್ನು ಹೇಳಿದರು.

ಪ್ರವಾಸ ಕಥನವನ್ನು ಬರೆಯಲು ಹಿಮಾಲಯಕ್ಕೋ ವಿದೇಶಕ್ಕೋ ಹೋಗಬೇಕೆಂಬ ಭಾವನೆ ಅನೇಕರಲ್ಲಿದೆ. ಇದು ಸರಿಯಲ್ಲ. ಒಂದು ಸಾಮಾನ್ಯ ಊರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿ ದಬ್ಬೇಘಟ್ಟ ಎಂಬ ಊರಿದೆ. ಅದು ಆ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಒಂದರ ಕೇಂದ್ರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಸೇರಿದ ಈ ಸೀಮೆಯಲ್ಲಿ ತೆಂಗೇ ಜನರ ಜೀವಾಳ; ಆದುದರಿಂದಲೇ ಈ ಜಿಲ್ಲೆಗೆ ಕಲ್ಪತರು ನಾಡೆಂಬ ಹೆಸರು ಬಂದಿದೆ. ದಬ್ಬೇಘಟ್ಟದಲ್ಲಿ ಜಲಪಾತವಿಲ್ಲ, ಗಿರಿಧಾಮವಿಲ್ಲ, ಅರಮನೆಯಿಲ್ಲ. “ನಮ್ಮೂರಿನಲ್ಲಿ ನೋಡುವುದಕ್ಕೆ ಏನಿದೆ?” ಎಂದು ಇಂತಹ ಊರಿನ ಮಕ್ಕಳು ಕೇಳಿದರೆ ಆಶ್ಚರ್ಯವಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವುದೇ ಪ್ರವಾಸ ಲೇಖಕನ ಮೊದಲ ಪರೀಕ್ಷೆ.

ಆತುರದ ಲೇಖಕನು ಈ ಸೀಮೆಯನ್ನು ಬಸ್ಸಿನ ಕಿಟಕಿಯಿಂದ ನೋಡಿ, ‘ಎಲ್ಲೆಲ್ಲಿಯೂ ಹಸುರೇ ಹಸುರು, ಕಣ್ಣಿಗೆ ಹಬ್ಬ, ಪ್ರಕೃತಿಯ ಸೊಬಗನ್ನು ಬಣ್ಣಿಸಲು ಪದಗಳೇ ಸಾಲವು’ ಎಂದು ಬರೆಯುತ್ತಾನೆ. ಈ ಮಾತುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಅವುಗಳನ್ನು ಕೊಡಗಿಗೂ ಹೇಳಬಹುದು, ಮಲೆನಾಡಿಗೂ ಹೇಳಬಹುದು. ಯಾವ ಊರಿಗಾದರೂ ಒಪ್ಪುವ ಮಾತು ಯಾವ ಊರನ್ನೂ ಕಾಣಿಸಲಾರದು. ಅದನ್ನು ಓದಿದವರಿಗೆ ದಬ್ಬೇಘಟ್ಟಕ್ಕೇ ಹೋಗಬೇಕೆಂಬ ಬಯಕೆ ಹುಟ್ಟುವುದಾದರೂ ಹೇಗೆ?

ನಿಧಾನವಾಗಿ ನೋಡುವವನು ಬಸ್ಸಿನಿಂದ ಇಳಿದು ತೋಟದೊಳಗೆ ಕಾಲಿಡುತ್ತಾನೆ. ಕಿತ್ತು ರಾಶಿ ಹಾಕಿದ ತೆಂಗಿನಕಾಯಿಗಳನ್ನು ಕಂಡು, ಇವು ಪೇಟೆಗೆ ಹೋಗುವುದು ಯಾವಾಗ ಎಂದು ಕೇಳುತ್ತಾನೆ. ಇವು ಈಗಲೇ ಹೋಗುವುದಿಲ್ಲವೆಂಬ ಉತ್ತರ ಬಂದಾಗ ಅವನ ಕುತೂಹಲ ಕೆರಳುತ್ತದೆ. ಹೂವರಳಿದ ಮೇಲೆ ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಹಾಗೆ ಬಲಿತ ಕಾಯಿಯನ್ನು ಸಿಪ್ಪೆಸಹಿತವಾಗಿಯೇ ಗಾಳಿಯಾಡುವ ಅಟ್ಟದ ಮೇಲೆ ತುಂಬುತ್ತಾರೆ. ಅಲ್ಲಿ ಅದು ಎಂಟು ತಿಂಗಳಿಂದ ಒಂದು ವರ್ಷದವರೆಗೆ ಸುಮ್ಮನೆ ಬಿದ್ದಿರುತ್ತದೆ. ಒಳಗಿನ ನೀರು ದಿನದಿನಕ್ಕೆ ಇಂಗುತ್ತದೆ. ತಿರುಳು ಒಣಗಿ, ಕುಗ್ಗಿ, ಕರಟದಿಂದ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗಿನಿಂದ ಗಡಗಡ ಎಂಬ ಸದ್ದು ಬರುತ್ತದೆ. ಆ ಸದ್ದೇ ಕೊಬ್ಬರಿ ಆಗಿದೆ ಎಂಬುದಕ್ಕೆ ಸಾಕ್ಷಿ. ಆಮೇಲೆ ಸಿಪ್ಪೆಯನ್ನು ಸುಲಿದು, ಒಳಗಿನ ಗಿಟುಕಿಗೆ ಏಟು ತಗಲದಂತೆ ಕರಟವನ್ನು ಒಡೆದು ತೆಗೆಯುತ್ತಾರೆ. ಕೈ ತಪ್ಪಿ ಗಿಟುಕು ಒಡೆದರೆ ಬೆಲೆ ಕಡಮೆಯಾಗುತ್ತದೆ. ಇಡಿಯಾಗಿ ಬಂದ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಉತ್ತರ ಭಾರತದ ದೂರದ ಊರುಗಳ ಹಬ್ಬದ ಮನೆಗಳನ್ನು ಸೇರುತ್ತದೆ.

ಇಷ್ಟನ್ನು ಸರಳವಾಗಿ ಬರೆದರೆ ಸಾಕು. ಹಸುರಿನ ವರ್ಣನೆ ಬೇಕಾಗುವುದಿಲ್ಲ. ಹೂವಿನಿಂದ ಗಿಟುಕಿನವರೆಗೆ ಎರಡು ವರ್ಷ ಕಾಯುವ ಒಕ್ಕಲಿಗನ ತಾಳ್ಮೆ, ಅಟ್ಟದ ಕತ್ತಲೆಯ ಒಣವಾಸನೆ, ಕಾಯಿಯೊಳಗಿನ ಆ ಸದ್ದು ಇವು ಓದುಗನ ಮನಸ್ಸಿನಲ್ಲಿ ನಿಲ್ಲುತ್ತವೆ. ತಾನೂ ಒಂದು ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಬೇಕೆಂದು ಅವನಿಗೆ ತೋರುತ್ತದೆ. ಪ್ರತಿಯೊಬ್ಬರ ಕೈಯಲ್ಲಿಯೂ ಛಾಯಾಚಿತ್ರ ತೆಗೆಯುವ ಸಾಧನವಿರುವ ಈ ಕಾಲದಲ್ಲಿ ತೋಟದ ಚಿತ್ರವನ್ನು ಯಾರು ಬೇಕಾದರೂ ತೆಗೆಯಬಹುದು. ಆದರೆ ಆ ಸದ್ದನ್ನು, ವಾಸನೆಯನ್ನು, ಕಾಯುವಿಕೆಯನ್ನು ಚಿತ್ರವು ಹಿಡಿಯಲಾರದು. ಅದು ಬರಹದ ಕೆಲಸ.

ಹೀಗೆ ಕೇಳಿ ತಿಳಿಯುವ ಅಭ್ಯಾಸ ಹೊಸದಲ್ಲ. ಟಿಪ್ಪು ಸುಲ್ತಾನನ ಪತನವಾದ ಮರುವರ್ಷ, ಎಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟು ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸುತ್ತಿದನು. ಅವನ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಈಗಿನ ತುಮಕೂರು ಜಿಲ್ಲೆಯ ಊರುಗಳಲ್ಲಿ ತಂಗಿದಾಗ ಅವನು ತೆಂಗು ಅಡಕೆಗಳ ತೋಟಗಳನ್ನೂ ಸಂತೆಗಳನ್ನೂ ನೋಡಿ, ಜನರನ್ನು ಕೇಳಿ, ತಿಳಿದುದನ್ನು ಬರೆದಿಟ್ಟನು. ಅವನದು ಕಂಪನಿ ಸರಕಾರಕ್ಕಾಗಿ ಮಾಡಿದ ಪರಿಶೀಲನೆ. ಓದುಗರನ್ನು ರಂಜಿಸುವ ಉದ್ದೇಶ ಅದಕ್ಕಿರಲಿಲ್ಲ. ಆಳುವವರ ದೃಷ್ಟಿಯೂ ಅದರಲ್ಲಿ ಸೇರಿದೆ. ಆದರೂ ಇನ್ನೂರು ವರ್ಷಗಳು ಕಳೆದ ಮೇಲೆಯೂ ಆ ಪುಟಗಳನ್ನು ಜನ ತೆರೆದು ನೋಡುವುದು, ಅವನು ಕೊಟ್ಟ ವಿವರಗಳಿಗಾಗಿ. ಹೊಗಳಿಕೆ ಬೇಗನೆ ಹಳತಾಗುತ್ತದೆ; ವಿವರ ಉಳಿಯುತ್ತದೆ. ಇಂತಹ ಅನೇಕ ವಿದೇಶೀಯರ ಬರಹಗಳನ್ನು ಎಚ್.ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳ ಮೂಲಕ ಕನ್ನಡಕ್ಕೆ ತಂದುಕೊಟ್ಟಿದ್ದಾರೆ.

ಊರನ್ನು ಬಣ್ಣಿಸುವವನು ಅದರ ನೆರೆಹೊರೆಯನ್ನೂ ಮರೆಯಬಾರದು. ದಬ್ಬೇಘಟ್ಟದ ಸುತ್ತಣ ಸೀಮೆ ಶಿಲ್ಪಕಲೆಯ ತವರು. ತುರುವೇಕೆರೆಯಲ್ಲಿ ಹದಿಮೂರನೆಯ ಶತಮಾನದ ಹೊಯ್ಸಳ ದೇವಾಲಯಗಳಿವೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಒಂಬತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯವಿದೆ. ಅದು ನೊಳಂಬರ ಕಾಲದ್ದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ.

ದೇವಾಲಯವನ್ನು ವರ್ಣಿಸುವಾಗ ಅದರ ಉದ್ದಗಲಗಳನ್ನೂ ಕಂಬಗಳ ಸಂಖ್ಯೆಯನ್ನೂ ಒಂದೇ ಸಮನೆ ಹೇಳುತ್ತ ಹೋದರೆ ಓದುಗನು ದಣಿಯುತ್ತಾನೆ. ನೂರು ಶಿಲ್ಪಗಳ ಪಟ್ಟಿಗಿಂತ ಒಂದೇ ಶಿಲ್ಪದ ಮುಂದೆ ಅವನನ್ನು ನಿಲ್ಲಿಸುವುದು ಲೇಸು. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಒಳಗೆ ಹೋದವನು ತಲೆ ಎತ್ತಿ ಛಾವಣಿಯನ್ನು ನೋಡಬೇಕು. ನಡುವೆ ನರ್ತಿಸುವ ಶಿವ. ಸುತ್ತಲೂ ತಮ್ಮ ತಮ್ಮ ವಾಹನಗಳನ್ನೇರಿದ ಎಂಟು ಮಂದಿ ದಿಕ್ಪಾಲಕರು. ಕತ್ತು ನೋಯುವವರೆಗೆ ನೋಡಿದರೂ ತೃಪ್ತಿಯಾಗದು. ಹೊರಗಿನಿಂದ ಸಾಧಾರಣವಾಗಿ ತೋರುವ ಗುಡಿಯೊಳಗೆ ಇಂತಹ ಸಂಪತ್ತಿದೆಯೆಂದು, ತಲೆ ಎತ್ತದೆ ಬಂದವನಿಗೆ ತಿಳಿಯುವುದೇ ಇಲ್ಲ. ಹಾಗೆಯೇ ನುಗ್ಗೇಹಳ್ಳಿಯಲ್ಲಿ ಮೂರ್ತಿಗಳ ಅಡಿಯಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ರೂವಾರಿಗಳ ಹೆಸರುಗಳನ್ನು ಕಾಣಬಹುದು. ಏಳುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಉಳಿ ಹಿಡಿದ ಕೈ ಯಾರದೆಂದು ತಿಳಿದೊಡನೆ ಕಲ್ಲು ಬೇರೆಯಾಗಿ ಕಾಣುತ್ತದೆ. ಲೇಖಕನು ಓದುಗನಿಗೆ ತೋರಿಸಬೇಕಾದುದು ಇಂತಹ ಬಾಗಿಲುಗಳನ್ನು.

ಕಲ್ಲು ಮರಗಳಷ್ಟೇ ಊರಲ್ಲ, ಜನರೇ ಊರು. ಅವರನ್ನು ಕುರಿತು ಬರೆಯುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ತೋಟದಲ್ಲಿ ದುಡಿಯುವವರ ಉಡುಗೆಯನ್ನೋ ಮಾತಿನ ರೀತಿಯನ್ನೋ ನಗೆಯ ವಸ್ತುವನ್ನಾಗಿ ಮಾಡುವುದು ಸಲ್ಲದು. ಹಳ್ಳಿಯವರೆಲ್ಲರೂ ಮುಗ್ಧರೆಂದೂ ಸಂತೃಪ್ತರೆಂದೂ ಹೊಗಳುವುದೂ ಅಷ್ಟೇ ತಪ್ಪು. ನೆರಳಿಗೆ ಕುಳಿತ ಪ್ರವಾಸಿಗೆ ಎಳನೀರು ಕೆತ್ತಿಕೊಟ್ಟು, “ದಣಿದು ಬಂದಿದ್ದೀರಿ, ಮೊದಲು ಕುಡಿಯಿರಿ, ಮಾತು ಆಮೇಲೆ” ಎನ್ನುವ ಹಿರಿಯರು ಇಲ್ಲಿ ಉಂಟು. ಅವರ ಉಪಚಾರವನ್ನು ಬರೆಯುವವನು ಅವರ ಚಿಂತೆಯನ್ನೂ ಕೇಳಿ ತಿಳಿದಿರಬೇಕು.

ಆ ಚಿಂತೆ ಸಣ್ಣದಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಕೆಲವೇ ವರ್ಷಗಳಲ್ಲಿ ಕರ್ನಾಟಕದ ತೋಟಗಳಿಗೂ ಹರಡಿ ಇಳುವರಿಯನ್ನು ಕುಗ್ಗಿಸಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೊಳವೆಬಾವಿಗಳು ಬತ್ತಿ, ಅಜ್ಜನ ಕಾಲದ ಮರಗಳು ಸುಳಿ ಒಣಗಿ ಬೋಳಾಗಿ ನಿಂತವು. ಗೊರೂರಿನಲ್ಲಿ ಕಟ್ಟಿದ ಹೇಮಾವತಿ ಅಣೆಕಟ್ಟಿನಿಂದ ಬರುವ ನಾಲೆಯ ನೀರಿಗಾಗಿ ಈ ಸೀಮೆಯ ಕೆರೆಗಳು ಎದುರು ನೋಡುತ್ತವೆ. ಕೊಬ್ಬರಿಯ ಧಾರಣೆ ಏರಿದರೆ ಮನೆಯಲ್ಲಿ ಮದುವೆ, ಇಳಿದರೆ ಸಾಲ. ಇವುಗಳನ್ನೆಲ್ಲ ಬಿಟ್ಟು ಬರಿಯ ಹಸುರನ್ನು ಬರೆಯುವುದು ಅರ್ಧಸತ್ಯ.

ಕಷ್ಟಗಳನ್ನು ಬರೆದರೆ ಓದುಗನು ಬರುವುದಿಲ್ಲವೆಂಬ ಭಯ ಕೆಲವರಿಗುಂಟು. ವಾಸ್ತವವಾಗಿ ಇದು ತಿರುವುಮುರುವು. ಕೆರೆ ಸದಾ ತುಂಬಿ ತುಳುಕುತ್ತದೆಂದು ಬರೆದುದನ್ನು ನಂಬಿ ಒಬ್ಬನು ಬಿರುಬೇಸಗೆಯಲ್ಲಿ ಹೆಂಡತಿ ಮಕ್ಕಳೊಡನೆ ಬಂದನೆನ್ನೋಣ. ಬಿರುಕು ಬಿಟ್ಟ ಕೆರೆಯಂಗಳವನ್ನು ಕಂಡು ಅವನು ಲೇಖಕನನ್ನು ಮಾತ್ರವಲ್ಲ, ಊರನ್ನೂ ಬಯ್ದು ಹಿಂದಿರುಗುತ್ತಾನೆ. ಬರೆದವನ ಸುಳ್ಳಿಗೆ ಊರು ದಂಡ ತೆತ್ತಂತಾಯಿತು. ಕೆರೆಯಲ್ಲಿ ನೀರಿರುವುದು ಯಾವಾಗ, ಬಸ್ಸು ಎಲ್ಲಿಯವರೆಗೆ ಹೋಗುತ್ತದೆ, ಗುಡಿಯ ಬಾಗಿಲು ತೆರೆಯುವವರು ಯಾರು, ಊಟ ವಸತಿಗಳಿಗೆ ಏನು ಅನುಕೂಲ ಎಂಬುದನ್ನು ಮರೆಮಾಚದೆ ತಿಳಿಸಿದರೆ, ಬಂದವನು ಸಿದ್ಧನಾಗಿ ಬರುತ್ತಾನೆ. ಕಂಡುದರಲ್ಲಿ ಸಂತೋಷ ಪಡುತ್ತಾನೆ. ಬಂದವರು ಹೇಗೆ ನಡೆದುಕೊಳ್ಳಬೇಕೆಂಬ ಎರಡು ಮಾತುಗಳನ್ನೂ ಸೇರಿಸುವುದು ಒಳ್ಳೆಯದು. ಸಾವಿರ ವರ್ಷ ಬಾಳಿದ ಶಿಲ್ಪದ ಮೇಲೆ ಒಂದು ಮೊಳೆಯಿಂದ ಹೆಸರು ಗೀಚುವುದಕ್ಕೆ ಒಂದು ನಿಮಿಷ ಸಾಕು. ಅದನ್ನು ಅಳಿಸುವುದಕ್ಕೆ ಯಾರಿಂದಲೂ ಆಗದು.

ಇನ್ನು ಬರವಣಿಗೆಯ ಕ್ರಮ. ಪ್ರವಾಸದಲ್ಲಿ ಸದಾ ಒಂದು ಪುಟ್ಟ ಪುಸ್ತಕ ಜೊತೆಗಿರಬೇಕು. ಊರಿನ ಹೆಸರು, ಕೇಳಿದ ಮಾತು, ಹೊಸ ಪದ ಇವುಗಳನ್ನು ಅಂದಂದೇ ಗುರುತು ಹಾಕಿಕೊಳ್ಳಬೇಕು. ನೆನಪು ಬಹು ಬೇಗ ಮೋಸ ಮಾಡುತ್ತದೆ. ಬೆಳಗಿನ ಕಾಫಿಯಿಂದ ರಾತ್ರಿಯ ನಿದ್ರೆಯವರೆಗೆ ಎಲ್ಲವನ್ನೂ ಬರೆಯಬೇಕಾಗಿಲ್ಲ. ಓದುಗನಿಗೆ ಬೇಡವಾದುದನ್ನು ಬಿಡುವುದೂ ಬರವಣಿಗೆಯ ಒಂದು ಭಾಗವೇ. ಕಥನವು ಮನಸ್ಸನ್ನು ಹಿಡಿದು ನಿಲ್ಲಿಸಿದ ಒಂದು ದೃಶ್ಯದಿಂದ ಪ್ರಾರಂಭವಾಗಲಿ. ಆಮೇಲೆ ದಾರಿ, ಚರಿತ್ರೆ, ಜನಜೀವನಗಳು ಒಂದರ ಹಿಂದೆ ಒಂದು ಬರಲಿ. ವರ್ಷ, ಅಂಕಿಗಳನ್ನು ತಿಳಿದವರಲ್ಲಿ ಕೇಳಿ ಖಚಿತಪಡಿಸಿಕೊಂಡು ಬರೆಯಲಿ. ಸ್ಥಳಪುರಾಣವನ್ನು ಹೇಳುವುದಾದರೆ ಅದು ಪುರಾಣವೆಂದು ಹೇಳಲಿ. ಶಾಸನದ ಮಾತನ್ನು ಶಾಸನದ್ದೆಂದು ಹೇಳಲಿ. ಎರಡನ್ನೂ ಬೆರೆಸಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಪ್ರವಾಸ ಕಥನಕ್ಕೆ ಇಬ್ಬರು ಓದುಗರಿರುತ್ತಾರೆ. ಒಬ್ಬನು ಆ ಊರನ್ನು ಎಂದೂ ಕಾಣದವನು; ಮತ್ತೊಬ್ಬನು ಅಲ್ಲಿಯೇ ಹುಟ್ಟಿ ಬೆಳೆದವನು. ಕಾಣದವನು ಓದಿ, “ಒಮ್ಮೆ ಹೋಗಿಬರಬೇಕು” ಎಂದುಕೊಂಡರೆ ಬರಹ ಅರ್ಧ ಗೆದ್ದಂತೆ. ಊರಿನವನು ಓದಿ, “ಹೌದು, ಇದು ನಮ್ಮ ಊರೇ, ಆದರೆ ಇದನ್ನು ನಾನು ಹೀಗೆ ನೋಡಿರಲಿಲ್ಲ” ಎಂದರೆ ಉಳಿದರ್ಧವೂ ಗೆದ್ದಂತೆ. ಈ ಎರಡನೆಯ ಓದುಗನಿಗೆ ಅಂಜಿ ಬರೆಯುವವನು ಸುಳ್ಳು ಬರೆಯಲಾರ. ದಬ್ಬೇಘಟ್ಟದಂತಹ ಊರಿನ ವಿದ್ಯಾರ್ಥಿಯು ತಾನೇ ಈ ಕೆಲಸಕ್ಕೆ ತೊಡಗಿದರೆ ಅವನಿಗೆ ದೂರದ ಪ್ರಯಾಣ ಬೇಕಿಲ್ಲ. ದಿನವೂ ಶಾಲೆಗೆ ಹೋಗುವ ದಾರಿಯನ್ನು ಒಂದು ದಿನ ಪರಊರಿನವನಂತೆ ನಡೆದು, ಕಂಡುದನ್ನು ಇದ್ದಂತೆ ಬರೆದರೆ ಸಾಕು. ನೋಡುವುದಕ್ಕೆ ಏನಿದೆ ಎಂಬ ಪ್ರಶ್ನೆಗೆ ಉತ್ತರ ಆಗ ಅವನ ಕೈಯಲ್ಲಿಯೇ ಇರುತ್ತದೆ.