ಬಾಯಲ್ಲಿರುವ ಸ್ಕ್ರೂಗೂ ಒಂದು ಜಾತಕ ಬೇಕು

ಊರು ಬಿಟ್ಟು ಬಂದವರಿಗೆ ಹೊಸ ನಗರದಲ್ಲಿ ಬಾಡಿಗೆ ಮನೆ ವಾರದೊಳಗೆ ಸಿಗುತ್ತದೆ, ಮಕ್ಕಳಿಗೆ ಶಾಲೆ ತಿಂಗಳೊಳಗೆ. ಜೋಳದ ರೊಟ್ಟಿ ಬಡಿದುಕೊಡುವ ಕಾಕೂನ ಮನೆಯೂ ಹೇಗೋ ಗೊತ್ತಾಗಿಬಿಡುತ್ತದೆ. ಹಲ್ಲಿನ ಡಾಕ್ಟರನ್ನು ಹುಡುಕುವ ಕೆಲಸ ಮಾತ್ರ ನೋವು ಬರುವವರೆಗೂ ಮುಂದಕ್ಕೆ ಹೋಗುತ್ತದೆ. ‘ಊರಿಗೆ ಹೋದಾಗ ತೋರಿಸಿದರಾಯಿತು’ ಎಂಬುದು ನಮ್ಮೆಲ್ಲರ ಖಾಯಂ ಉತ್ತರ. ಊರಿನ ಡಾಕ್ಟರ್ ಅಪ್ಪನ ಹಲ್ಲು ಕಿತ್ತವರು, ಅಕ್ಕನ ಮದುವೆಯಲ್ಲಿ ಊಟ ಮಾಡಿದವರು. ಅಲ್ಲಿ ನಂಬಿಕೆಯನ್ನು ಹುಡುಕಬೇಕಿಲ್ಲ, ಅದು ಮನೆತನದ ಜೊತೆಗೇ ಬಂದಿರುತ್ತದೆ. ಇಲ್ಲಿ ಅದನ್ನು ನಾವೇ ಕಟ್ಟಿಕೊಳ್ಳಬೇಕು.

ನಾನು ಧಾರವಾಡದವನು. ಹನ್ನೊಂದು ವರ್ಷಗಳಿಂದ ಪುಣೆಯಲ್ಲಿದ್ದೇನೆ. ಚಾಕಣದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ತಪಾಸಣೆ ನನ್ನ ಕೆಲಸ. ಕಳೆದ ವರ್ಷ, ಹಿಂದೆ ರೂಟ್ ಕೆನಾಲ್ ಆಗಿದ್ದ ಕೆಳದವಡೆಯ ಹಲ್ಲೊಂದು ಬೇರಿನವರೆಗೂ ಸೀಳಿತು. ತೆಗೆಯದೆ ದಾರಿ ಇರಲಿಲ್ಲ. ಗಾಯ ಮಾಗಿದ ಮೇಲೆ ಇಂಪ್ಲಾಂಟ್ ಹಾಕಿಸಿಕೊಳ್ಳಿ ಎಂಬ ಸಲಹೆ ಬಂತು. ವಿಚಾರಿಸಿದಲ್ಲೆಲ್ಲ ಬೇರೆ ಬೇರೆ ದರ. ಒಂದೇ ಹಲ್ಲಿಗೆ 22 ಸಾವಿರದಿಂದ 70 ಸಾವಿರ ರೂಪಾಯಿವರೆಗೆ. ಮೂರು ಪಟ್ಟಿನ ಈ ಅಂತರ ಯಾವುದಕ್ಕೆ ಎಂದು ಕೇಳುತ್ತಾ ಹೋದದ್ದರಿಂದಲೇ ನನ್ನ ಹುಡುಕಾಟ ಶುರುವಾಯಿತು.

ಇಂಪ್ಲಾಂಟ್ ಎಂದರೆ ಮೂರು ತುಂಡುಗಳ ಜೋಡಣೆ. ದವಡೆಯ ಮೂಳೆಯೊಳಗೆ ಕೂರುವ ಟೈಟಾನಿಯಂ ಸ್ಕ್ರೂ, ಅದರ ಮೇಲೆ ಅಬಟ್‌ಮೆಂಟ್ ಎಂಬ ಕೊಂಡಿ, ಕೊಂಡಿಯ ಮೇಲೆ ಹಲ್ಲಿನಾಕಾರದ ಕ್ಯಾಪ್. ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ವಿಜ್ಞಾನಿ ಪರ್ ಇಂಗ್ವಾರ್ ಬ್ರಾನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಮೂಳೆಯ ಮೇಲಿನ ಪ್ರಯೋಗದ ವೇಳೆ ಗಮನಿಸಿದರು. ಒಳಗಿಟ್ಟಿದ್ದ ಲೋಹದ ಉಪಕರಣವನ್ನು ಹೊರತೆಗೆಯಲು ಹೋದರೆ ಅದು ಬರಲೇ ಇಲ್ಲ! 1965ರಲ್ಲಿ ಅವರು ಮೊದಲ ಬಾರಿಗೆ ಮನುಷ್ಯನ ದವಡೆಗೆ ಇಂಥ ಸ್ಕ್ರೂ ಕೂರಿಸಿದರು. ಆ ರೋಗಿ ಗೋಸ್ಟಾ ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ 40 ವರ್ಷಕ್ಕೂ ಹೆಚ್ಚು ಕಾಲ, ಅವು ಕೆಲಸ ಮಾಡಿದವು.

ಆ 40 ವರ್ಷ ಎಂಬ ಸಂಖ್ಯೆಯನ್ನು ನಮ್ಮಂಥವರು ಬೇರೆ ರೀತಿಯಲ್ಲಿ ಓದಬೇಕು. ಸ್ಕ್ರೂ ಅಷ್ಟು ಕಾಲ ಬಾಳಬಹುದು. ಆದರೆ ನಾವು ಈ ಊರಿನಲ್ಲಿ ಇನ್ನೆಷ್ಟು ವರ್ಷ? ನಾಲ್ಕು? ಐದು?

ನಮ್ಮ ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿ ರಾಯಚೂರಿನ ಗೆಳೆಯನೊಬ್ಬನಿದ್ದಾನೆ. ಚೆನ್ನೈಯಲ್ಲಿದ್ದಾಗ ಇಂಪ್ಲಾಂಟ್ ಹಾಕಿಸಿಕೊಂಡವನು. ಪುಣೆಗೆ ಬಂದು ಎರಡು ವರ್ಷಕ್ಕೆ ಅವನ ಕ್ಯಾಪ್ ಅಲುಗಾಡತೊಡಗಿತು. ಮೂಳೆಯಲ್ಲಿದ್ದ ಸ್ಕ್ರೂ ಗಟ್ಟಿಯಾಗಿಯೇ ಇತ್ತು, ಮೇಲಿನ ಕೊಂಡಿಯ ಪುಟ್ಟ ತಿರುಪು ಸಡಿಲವಾಗಿತ್ತು, ಅಷ್ಟೆ. ಹತ್ತು ನಿಮಿಷದ ಕೆಲಸ. ಆದರೆ ಒಂದೊಂದು ಕಂಪನಿಯ ತಿರುಪಿಗೆ ಒಂದೊಂದು ಅಳತೆಯ ಕಂಡಿ, ಅದಕ್ಕೆ ತಕ್ಕ ಡ್ರೈವರ್ ಬೇಕು. ಯಾವ ಕಂಪನಿ ಎಂಬುದು ಅವನಿಗೂ ಗೊತ್ತಿರಲಿಲ್ಲ, ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಚೆನ್ನೈಯ ಆ ಕ್ಲಿನಿಕ್ ಮುಚ್ಚಿಹೋಗಿತ್ತು. ಇಲ್ಲಿ ನಾಲ್ಕು ಡಾಕ್ಟರುಗಳು ನೋಡಿ ಕೈಚೆಲ್ಲಿದರು. ಕೊನೆಗೆ ಒಂದು ದಂತ ವೈದ್ಯಕೀಯ ಕಾಲೇಜಿನವರು ಎಕ್ಸ್‌ರೇಯಲ್ಲಿ ಸ್ಕ್ರೂವಿನ ಎಳೆಗಳ ಆಕಾರ ನೋಡಿ ಕಂಪನಿ ಗುರುತಿಸಿ, ಡ್ರೈವರ್ ತರಿಸಿ ಬಿಗಿ ಮಾಡಿದರು. ಅಷ್ಟಾಗುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು. ಅಷ್ಟು ದಿನವೂ ಅವನು ಒಂದೇ ಮಗ್ಗುಲಲ್ಲಿ ಅಗಿದ.

ನಮ್ಮ ಕೆಲಸದಲ್ಲಿ ಒಂದು ಬೋಲ್ಟಿಗೂ ಬ್ಯಾಚ್ ನಂಬರ್ ಇರುತ್ತದೆ. ಯಾವ ಲೋಹ, ಯಾವ ದಿನ, ಎಷ್ಟು ಟಾರ್ಕ್ ಎಂಬುದಕ್ಕೆಲ್ಲ ದಾಖಲೆ ಇರುತ್ತದೆ. ಮನುಷ್ಯನ ದವಡೆಯೊಳಗಿನ ಸ್ಕ್ರೂಗೆ ಅದು ಇರಬೇಡವೇ? ಇರುತ್ತದೆ. ಒಳ್ಳೆಯ ಕಂಪನಿಗಳ ಪ್ರತಿ ಇಂಪ್ಲಾಂಟಿನ ಡಬ್ಬಿಯ ಮೇಲೂ ಮಾದರಿ, ಅಡ್ಡಳತೆ, ಉದ್ದ, ಲಾಟ್ ನಂಬರ್ ಮುದ್ರಿಸಿದ ಸ್ಟಿಕರ್ ಇರುತ್ತದೆ. ಅದನ್ನು ಕಿತ್ತು ರೋಗಿಯ ಕಾರ್ಡಿಗೆ ಅಂಟಿಸಿ ಕೊಡುವುದಕ್ಕೆ ಅರ್ಧ ನಿಮಿಷ ಸಾಕು. ಹೀಗಾಗಿ ನಾನು ಡಾಕ್ಟರರನ್ನು ಹುಡುಕುವಾಗ ಒಂದೇ ಅಳತೆಗೋಲು ಇಟ್ಟುಕೊಂಡೆ: ನಾಳೆ ನಾನು ಊರು ಬದಲಿಸಿದರೆ, ಇವರ ನೆರವಿಲ್ಲದೆಯೂ ಈ ಹಲ್ಲನ್ನು ಬೇರೆಯವರು ನೋಡಿಕೊಳ್ಳುವಂತೆ ಮಾಡಿಕೊಡುತ್ತಾರೆಯೇ?

ಮೊದಲು ಹೋದ ಕಡೆ ಹವಾನಿಯಂತ್ರಿತ ಹಾಲ್, ಕಾಫಿ ಯಂತ್ರ. ಡಾಕ್ಟರರಿಗಿಂತ ಮೊದಲು ಟ್ಯಾಬ್ ಹಿಡಿದ ಹುಡುಗಿ ಬಂದಳು. ಸ್ಕ್ಯಾನ್ ಆಗುವ ಮೊದಲೇ ಕಂತಿನ ಲೆಕ್ಕ ತೋರಿಸಿದಳು. ಇವತ್ತೇ ಮುಂಗಡ ಕೊಟ್ಟರೆ ರಿಯಾಯಿತಿ, ಜೊತೆಗೆ ‘ಆಜೀವ ವಾರಂಟಿ’. ಯಾವುದಕ್ಕೆ ವಾರಂಟಿ ಎಂದು ಕೇಳಿದೆ. ಸ್ಕ್ರೂ ವಿಫಲವಾದರೆ ಕಂಪನಿ ಹೊಸ ಸ್ಕ್ರೂ ಕೊಡುತ್ತದೆಯಂತೆ. ಮತ್ತೆ ಮಾಡಬೇಕಾದ ಶಸ್ತ್ರಚಿಕಿತ್ಸೆ, ಕ್ಯಾಪ್ ಎಲ್ಲದರ ಖರ್ಚು ನನ್ನದೇ.

ಎರಡನೆಯದು ಮನೆಯ ಹತ್ತಿರದ ಸಣ್ಣ ಕ್ಲಿನಿಕ್. ಡಾಕ್ಟರ್ ಸಜ್ಜನರು. ‘ಇಂಪ್ಲಾಂಟ್ ನಾನು ಹಾಕುವುದಿಲ್ಲ, ಶನಿವಾರ ಹೊರಗಿನಿಂದ ತಜ್ಞರು ಬರುತ್ತಾರೆ’ ಎಂದು ತಾವಾಗಿಯೇ ಹೇಳಿದರು. ನಗರಗಳಲ್ಲಿ ಇದು ಸಾಮಾನ್ಯ ಪದ್ಧತಿ, ತಪ್ಪೇನಲ್ಲ. ಆದರೆ ಆ ತಜ್ಞರ ಹೆಸರೇನು, ಸೋಮವಾರ ಬಾವು ಬಂದರೆ ನೋಡುವವರು ಯಾರು, ವರ್ಷದ ನಂತರ ಸಿಗುತ್ತಾರೆಯೇ ಎಂದು ಕೇಳಿದಾಗ ಉತ್ತರ ತೆಳ್ಳಗಾಯಿತು.

ಮೂರನೆಯವರು ಪ್ರಾಸ್ಥೊಡಾಂಟಿಕ್ಸ್‌ನಲ್ಲಿ ಎಂಡಿಎಸ್ ಮಾಡಿದ, ಐವತ್ತರ ಆಸುಪಾಸಿನ ಮಹಿಳೆ. ಅವರು ಬಾಯಿ ನೋಡುವ ಮೊದಲು ಸಕ್ಕರೆ ಎಷ್ಟಿದೆ, ತಂಬಾಕಿದೆಯೇ, ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಿದರು. ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 8.4 ಬಂತು. ‘ಮೊದಲು ಇದನ್ನು ಇಳಿಸಿ, ಒಸಡಿನ ಚಿಕಿತ್ಸೆ ಮಾಡಿಸಿಕೊಳ್ಳಿ. ಮೂರು ತಿಂಗಳ ನಂತರ ನೋಡೋಣ. ಬೇಡವೆಂದರೆ ಬ್ರಿಜ್ ಇದೆ, ತೆಗೆದು ಹಾಕುವ ಹಲ್ಲಿದೆ, ಅವು ಅಗ್ಗ’ ಎಂದು ಮೂರರ ಗುಣದೋಷವನ್ನೂ ಹೇಳಿದರು. ಹಣ ಕೊಡಲು ಸಿದ್ಧನಾಗಿ ಕೂತವನಿಗೆ ‘ಈಗ ಬೇಡ’ ಎಂದ ಮೊದಲ ಡಾಕ್ಟರ್ ಅವರು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಮಾಗುವುದು ತಡ, ಸೋಂಕಿನ ಅಪಾಯ ಹೆಚ್ಚು. ಟೈಟಾನಿಯಂ ಹುಳುಕು ಹಿಡಿಯುವುದಿಲ್ಲ ನಿಜ, ಆದರೆ ಸುತ್ತಲಿನ ಒಸಡು ಕೆಟ್ಟರೆ ಮೂಳೆ ಕರಗಿ ಇಡೀ ಸ್ಕ್ರೂ ಅಲ್ಲಾಡುತ್ತದೆ. ಆ ಮೂರು ತಿಂಗಳು ನಾನು ಸಂಜೆಯ ವಡಾಪಾವ್ ಬಿಟ್ಟು ನಡೆಯುವುದನ್ನು ಕಲಿತೆ.

ಹುಡುಕುವವರಿಗೆ ತಿಳಿದಿರಬೇಕಾದ ಮಾತೊಂದಿದೆ. ‘ಇಂಪ್ಲಾಂಟಾಲಜಿಸ್ಟ್’ ಎಂದು ಫಲಕದ ಮೇಲೆ ಬರೆದಿದ್ದರೂ ನಮ್ಮ ದೇಶದ ಎಂಡಿಎಸ್ ಶಾಖೆಗಳಲ್ಲಿ ಆ ಹೆಸರಿನ ಪ್ರತ್ಯೇಕ ಶಾಖೆ ಇಲ್ಲ. ಕೃತಕ ಹಲ್ಲು ಜೋಡಿಸುವ ಪ್ರಾಸ್ಥೊಡಾಂಟಿಕ್ಸ್, ಒಸಡಿನ ಪೆರಿಯೊಡಾಂಟಿಕ್ಸ್, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ, ಈ ಮೂರು ಶಾಖೆಯವರಿಗೆ ವಿಷಯ ಹೆಚ್ಚು ಹತ್ತಿರ. ತರಬೇತಿ ಪಡೆದ ಬಿಡಿಎಸ್ ಡಾಕ್ಟರರೂ ಚೆನ್ನಾಗಿ ಮಾಡುತ್ತಾರೆ. ಆದ್ದರಿಂದ ಫಲಕ ಓದಿ ಸುಮ್ಮನಾಗದೆ ಪದವಿ ಯಾವುದು, ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಏನು, ಇಂಥ ಎಷ್ಟು ಕೇಸು ಮಾಡಿದ್ದೀರಿ, ಹಳೆಯ ರೋಗಿಗಳು ಈಗಲೂ ತಪಾಸಣೆಗೆ ಬರುತ್ತಾರೆಯೇ ಎಂದು ಕೇಳಬಹುದು. ಒಳ್ಳೆಯ ಡಾಕ್ಟರ್ ಇದಕ್ಕೆ ಮುಖ ಸಿಂಡರಿಸುವುದಿಲ್ಲ.

ದರದ ಒಗಟೂ ಇಲ್ಲೇ ಬಿಡಿಸಿಕೊಂಡಿತು. 22 ಸಾವಿರ ಎಂದವರ ಲೆಕ್ಕದಲ್ಲಿ ಸ್ಕ್ರೂ ಮಾತ್ರ ಇತ್ತು. ಸ್ಕ್ಯಾನ್, ಬೇಕಾದರೆ ಮೂಳೆ ತುಂಬುವುದು, ಕೊಂಡಿ, ಕ್ಯಾಪ್ ಎಲ್ಲ ಸೇರಿದರೆ ಎಷ್ಟು ಎಂದು ಬರೆದುಕೊಡಲು ಹೇಳಿದಾಗ ಅಂತರ ಅರ್ಧಕ್ಕಿಳಿಯಿತು. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಇಂಪ್ಲಾಂಟಿಗೆ ಹಣ ಸಿಗುವುದು ವಿರಳ, ಹಾಗಾಗಿ ಈ ಲೆಕ್ಕ ನಮ್ಮ ಜೇಬಿನದೇ. ಉಳಿತಾಯಕ್ಕೆಂದು ಬಿಡಬಾರದ್ದು ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್. ಕೆಳದವಡೆಯೊಳಗೆ ತುಟಿಗೆ ಸಂವೇದನೆ ಕೊಡುವ ನರ ಹಾದುಹೋಗುತ್ತದೆ, ಅದಕ್ಕೆ ಏಟಾದರೆ ತುಟಿ ಜೋಮು ಹಿಡಿದಂತೆ ಉಳಿಯಬಹುದು. ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್ ಗಾಳಿಚೀಲವಿದೆ. ಮೂಳೆಯ ಅಗಲ, ಎತ್ತರ ತಿಳಿಯದೆ ಕೊರೆಯುವಂತಿಲ್ಲ. ಜೊತೆಯಲ್ಲಿರುವ ಅಪ್ಪ ಅಮ್ಮನಿಗೆ ಮಾಡಿಸುವವರು ಮೂಳೆ ಸವೆತದ ಮಾತ್ರೆ ಅಥವಾ ಇಂಜೆಕ್ಷನ್, ರಕ್ತ ತೆಳುವಾಗಿಸುವ ಮಾತ್ರೆ ನಡೆದಿದ್ದರೆ ಮೊದಲೇ ಹೇಳಬೇಕು, ಅವನ್ನು ತಾವಾಗಿ ನಿಲ್ಲಿಸಲೂಬಾರದು.

ಭಾಷೆಯ ತೊಡಕನ್ನೂ ಹೇಳಿಬಿಡುತ್ತೇನೆ. ಹನ್ನೊಂದು ವರ್ಷ ಮರಾಠಿ ಆಡಿದರೂ ‘ಜುಂ ಅನ್ನುತ್ತದೆ’ ಎಂಬುದಕ್ಕೂ ‘ಕುಟುಕುತ್ತದೆ’ ಎಂಬುದಕ್ಕೂ ಇರುವ ವ್ಯತ್ಯಾಸ ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿದಾಗ ಹೊಳೆಯುವುದಿಲ್ಲ. ‘ಠಣಕತಯ್’ ಎಂದರೆ ಮಿಡಿಯುವ ನೋವು, ‘ಕಳ ಯೇತೆ’ ಎಂದರೆ ಚುಳುಕ್ಕೆನ್ನುವ ನೋವು ಎಂದು ಪಕ್ಕದ ಮನೆಯ ವಹಿನಿ ಹೇಳಿಕೊಟ್ಟರು. ಪ್ರಶ್ನೆಗಳನ್ನು ಮನೆಯಲ್ಲೇ ಕನ್ನಡದಲ್ಲಿ ಬರೆದುಕೊಂಡು ಹೋದೆ. ಒಪ್ಪಿಗೆ ಪತ್ರವನ್ನು ನನಗೆ ಓದಲು ಬರುವ ಭಾಷೆಯಲ್ಲಿ ಕೇಳಿ ಪಡೆದು, ಮನೆಗೆ ತಂದು ಓದಿದ ಮೇಲೆ ಸಹಿ ಮಾಡಿದೆ.

ಅವ್ವ ಮಾತ್ರ ಫೋನಿನಲ್ಲಿ, ‘ಅಲ್ಲ್ಯಾಕ ಮಾಡಿಸ್ತಿ? ಇಲ್ಲೇ ಸತ್ತೂರಿನ್ಯಾಗ ಅಷ್ಟ ದೊಡ್ಡ ಹಲ್ಲಿನ ಕಾಲೇಜ್ ಐತಿ, ದೀಪಾವಳಿಗೆ ಬಂದಾಗ ಮಾಡಿಸ್ಕೊಂಡು ಹೋಗು’ ಎನ್ನುತ್ತಿದ್ದಳು. ಅವಳ ಮಾತಿನಲ್ಲಿ ಹುರುಳಿತ್ತು, ಧಾರವಾಡ, ಬೆಳಗಾವಿಗಳಲ್ಲಿ ನುರಿತವರಿಗೆ ಕೊರತೆ ಇಲ್ಲ. ಆದರೆ ಭೇಟಿಗಳನ್ನು ಎಣಿಸಿದೆ: ಸ್ಕ್ಯಾನ್, ಶಸ್ತ್ರಚಿಕಿತ್ಸೆ, ಹೊಲಿಗೆ ತೆಗೆಯುವುದು, ಮೂಳೆ ಬೆಸೆದ ಮೇಲೆ ಅಳತೆ, ಕ್ಯಾಪ್ ಕೂರಿಸುವುದು, ಆಮೇಲಿನ ತಪಾಸಣೆ. ಕಡಿಮೆಯೆಂದರೂ ಆರು ಸಲ. ಮೂಳೆ ಬೆಸೆಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಎರಡು ದೊಡ್ಡ ರಜೆಗಳ ನಡುವೆ ಅದನ್ನು ಹೊಂದಿಸಬಹುದು, ಹಾಗೆ ಮಾಡಿದವರೂ ಇದ್ದಾರೆ. ಆದರೆ ರಜೆ ಮುಗಿಸಿ ಬಂದ ಮೂರನೇ ದಿನ ಕೆನ್ನೆ ಊದಿದರೆ ನೋಡುವ ಒಬ್ಬ ಡಾಕ್ಟರ್ ಇಲ್ಲಿಯೂ ಗೊತ್ತಿರಬೇಕು. ನನ್ನ ರಜೆಯ ಲೆಕ್ಕಕ್ಕೆ ಪುಣೆಯೇ ಸರಿಹೋಯಿತು.

ಎಲ್ಲಿ ಮಾಡಿಸಿದರೂ ಬಿಲ್ಲು ಪಡೆಯಿರಿ. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರ ತಾನು ವಾಸವಿರುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದು. ಚೆನ್ನೈಯಲ್ಲಿ ಆದ ಚಿಕಿತ್ಸೆಗೆ ಪುಣೆಯಿಂದ ಚೆನ್ನೈಗೆ ಓಡಾಡಬೇಕಿಲ್ಲ ಎಂಬುದು ನಮ್ಮಂಥವರಿಗೆ ಸಣ್ಣ ಸಮಾಧಾನವಲ್ಲ.

ನಾಲ್ಕನೇ ತಿಂಗಳಿಗೆ ಎಚ್‌ಬಿಎ1ಸಿ 6.9ಕ್ಕೆ ಇಳಿಯಿತು, ಶಸ್ತ್ರಚಿಕಿತ್ಸೆ ಆಯಿತು. ಎಷ್ಟು ಬಿಗಿಗೆ ಕೂರಿಸಿದಿರಿ ಎಂದು ಕುರ್ಚಿಯಿಂದ ಏಳುವಾಗಲೇ ಕೇಳಿದೆ. ‘35 ನ್ಯೂಟನ್ ಸೆಂಟಿಮೀಟರ್’ ಎಂದು ಡಾಕ್ಟರ್ ನಕ್ಕು ಅದನ್ನೂ ಬರೆದರು. ಕ್ಯಾಪ್ ಕೂತ ದಿನ ಅವರು ಕೊಟ್ಟ ಲಕೋಟೆಯಲ್ಲಿ ಸ್ಟಿಕರ್ ಅಂಟಿಸಿದ ಕಾರ್ಡ್, ಕೊಂಡಿಯ ವಿವರ, ಸ್ಕ್ಯಾನಿನ ಪೆನ್ ಡ್ರೈವ್, ಕೊನೆಯ ಎಕ್ಸ್‌ರೇ ಇದ್ದವು. ‘ನೀವು ಹೈದರಾಬಾದಿಗೆ ಹೋದರೂ ದಿಲ್ಲಿಗೆ ಹೋದರೂ ಅಲ್ಲಿನ ಡಾಕ್ಟರ್ ನನಗೆ ಫೋನ್ ಮಾಡುವ ಅಗತ್ಯ ಬೀಳಬಾರದು’ ಎಂದರು. ಆರು ತಿಂಗಳಿಗೊಮ್ಮೆ ತಪಾಸಣೆ ತಪ್ಪಿಸಬೇಡಿ ಎಂಬುದಷ್ಟೇ ಅವರ ಷರತ್ತು.

ಕಾರ್ಡಿನ ಫೋಟೊ ತೆಗೆದು ಮನೆಯವರ ಗುಂಪಿಗೆ ಹಾಕಿದೆ, ನನ್ನ ಫೋನ್ ಕಳೆದರೂ ಯಾರದಾದರೂ ಫೋನಿನಲ್ಲಿ ಇರಲಿ ಎಂದು. ಸ್ವಲ್ಪ ಹೊತ್ತಿಗೆ ಅವ್ವನ ಧ್ವನಿ ಸಂದೇಶ ಬಂತು: ‘ಹಲ್ಲಿಗೂ ಆಧಾರ ಕಾರ್ಡ್ ಬಂತೇನಪಾ?’