ಜೌಗು ಪ್ರದೇಶಗಳ ಪುನಶ್ಚೇತನ: ಉದ್ಯಮಿಗಳು ಅರಿಯಬೇಕಾದ ಕ್ರಮಗಳು

ಹನೂರು ತಾಲ್ಲೂಕಿನ ಗಡಿಗ್ರಾಮ ಗೋಪಿನಾಥಂ ದಶಕಗಳ ಕಾಲ ಕಾಡುಗಳ್ಳನ ಊರೆಂದೇ ಸುದ್ದಿಯಲ್ಲಿತ್ತು. ಇಂದು ಪ್ರವಾಸಿಗರನ್ನು ಅಲ್ಲಿಗೆ ಸೆಳೆಯುವುದು ಗುಡ್ಡಗಳ ನಡುವಣ ಜಲಾಶಯ ಮತ್ತು ಕಾವೇರಿ ವನ್ಯಜೀವಿಧಾಮದ ಅರಣ್ಯ. ಇಂತಹ ಜಲಾಶಯಗಳ ಅಂಚಿನ ಜೌಗು ನೆಲವೂ ಊರಕೆರೆಗಳೂ ಕೆಟ್ಟರೆ ಅಂತರ್ಜಲ ಕುಸಿಯುತ್ತದೆ. ಹಿಪ್ಪುನೇರಳೆ ತೋಟ ಒಣಗುತ್ತದೆ. ಅದರ ಹೊರೆ ಕೊಳ್ಳೇಗಾಲದ ರೇಷ್ಮೆ ವಹಿವಾಟಿನ ಮೇಲೂ ಬೀಳುತ್ತದೆ.

ಪುನಶ್ಚೇತನವೆಂದರೆ ಕೇವಲ ಹೂಳೆತ್ತುವುದಲ್ಲ. ಮೊದಲು ನೀರು ಬರುವ ಕಾಲುವೆ, ತೂಬು ಹಾಗೂ ಕೋಡಿಗಳನ್ನು ಪರಿಶೀಲಿಸಿ ಅಡೆತಡೆಗಳನ್ನು ತೆರವುಗೊಳಿಸಬೇಕು. ಎರಡನೆಯದಾಗಿ ಕೊಳಚೆಯನ್ನು ಮೂಲದಲ್ಲಿಯೇ ತಡೆಯಬೇಕು. ರೇಷ್ಮೆಗೂಡು ಬೇಯಿಸಿದ ನೀರಿನಲ್ಲಿರುವ ಸೆರಿಸಿನ್ ಎಂಬ ಅಂಟು ಕೊಳೆಯುವಾಗ ಕೆರೆಯ ಆಮ್ಲಜನಕವನ್ನು ಹೀರುತ್ತದೆ. ಆದುದರಿಂದ ಅದನ್ನು ಸಂಸ್ಕರಿಸದೆ ಚರಂಡಿಗೆ ಬಿಡಬಾರದು. 1974 ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆಯೂ ಇದನ್ನೇ ಬಯಸುತ್ತದೆ. ಒಂದೊಂದು ಘಟಕಕ್ಕೆ ಸಂಸ್ಕರಣೆಯ ವೆಚ್ಚ ದುಬಾರಿಯೆನಿಸಿದರೆ ನೆರೆಯ ಘಟಕಗಳು ಕೂಡಿ ಸಾಮೂಹಿಕ ವ್ಯವಸ್ಥೆ ಮಾಡಿಕೊಳ್ಳಬಹುದು.

ಮೂರನೆಯದು ಹೂಳು. ಅದನ್ನು ಪರೀಕ್ಷಿಸಿ, ವಿಷಕಾರಿ ಅಂಶಗಳಿಲ್ಲವೆಂದು ಖಚಿತವಾದ ನಂತರವೇ ಹೊಲಗಳಿಗೆ ಸಾಗಿಸಬೇಕು. ಇಡೀ ಅಂಗಳವನ್ನು ಬಟ್ಟಲಿನಂತೆ ಆಳವಾಗಿ ಅಗೆಯುವುದು ತಪ್ಪು. ಅಂಚಿನಲ್ಲಿ ಇಳಿಜಾರಾದ ತೆಳುನೀರಿನ ಪಟ್ಟಿ ಉಳಿದರೆ ಜೊಂಡು, ಆಪುಗಳು ಬೆಳೆದು ಒಳಬರುವ ನೀರನ್ನು ಸೋಸುತ್ತವೆ. ಮೀನು ಮರಿಮಾಡುತ್ತದೆ, ಹಕ್ಕಿಗಳು ನೆಲೆಸುತ್ತವೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಣಾ ಘಟಕದ ನೀರು ಇಂತಹ ಜೊಂಡಿನ ಜೌಗಿನ ಮೂಲಕ ಹಾದು ಕೆರೆಯನ್ನು ಸೇರುತ್ತದೆ.

ಅಭಯಾರಣ್ಯದ ಮೇರೆಯೊಳಗೆ ನೀರಿನ ಹರಿವನ್ನು ಬದಲಿಸುವ ಕಾಮಗಾರಿಗೆ 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಅನುಮತಿ ಅಗತ್ಯ. ಆನೆಗಳು ಸಂಚರಿಸುವ ಈ ಸೀಮೆಯಲ್ಲಿ ದಡದ ಸುತ್ತ ಕಲ್ಲಿನ ಕಟ್ಟೆ, ಬೇಲಿಗಳೂ ಸಲ್ಲವು. ಊರಕೆರೆಗಳ ವಿಷಯದಲ್ಲಿ ಗ್ರಾಮ ಪಂಚಾಯತಿಯೊಂದಿಗೂ ಕೆರೆಯ ಹೊಣೆ ಹೊತ್ತ ಇಲಾಖೆಯೊಂದಿಗೂ ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಲೇಸು.

2013 ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಂತೆ ಪರಿಸರ ಸಂರಕ್ಷಣೆಯೂ ಸಾಮಾಜಿಕ ಹೊಣೆಗಾರಿಕೆಯ ಬಾಬಿಗೆ ಸೇರಿದೆ. ಆ ಕಾಯ್ದೆಯ ವ್ಯಾಪ್ತಿಗೆ ಬಾರದ ಸಣ್ಣ ಉದ್ಯಮಿಗಳೂ ಟ್ರ್ಯಾಕ್ಟರ್, ಡೀಸೆಲ್ ಅಥವಾ ಹೂಳು ಪರೀಕ್ಷೆಯ ಶುಲ್ಕವನ್ನು ಹಂಚಿಕೊಂಡು ಕೈಜೋಡಿಸಬಹುದು. ಆದರೆ ಹಣದಲ್ಲಿ ಒಂದು ಪಾಲನ್ನು ಮುಂದಿನ ವರ್ಷಗಳ ನಿರ್ವಹಣೆಗೆ ತೆಗೆದಿರಿಸದಿದ್ದಲ್ಲಿ ಕಾಲುವೆ ಮತ್ತೆ ಮುಚ್ಚಿ, ಮಾಡಿದ ವೆಚ್ಚವೆಲ್ಲ ನೀರುಪಾಲಾದೀತು. ಅಗೆತದ ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿ ಸೂಕ್ತ. ಮಳೆಗೆ ಮುನ್ನ ಕಾಲುವೆ ತೆರೆದಿದ್ದರೆ ಆ ವರ್ಷದ ನೀರೇ ಕೆರೆಗೆ ದಕ್ಕುತ್ತದೆ.