ಕಾರ್ಣಿಕ: ಯಾವುದು ಅಸಲಿ?

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಕೊನೆಗೆ ಮಾಲತೇಶ ದೇವರ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಇಡೀ ಜಾತ್ರೆ ಮೌನವಾಗುತ್ತದೆ. ಆಮೇಲೆ ಹೊರಡುವುದು ಒಂದೇ ಸಾಲಿನ ಭವಿಷ್ಯವಾಣಿ; ಅದೇ ಕಾರ್ಣಿಕ. ಅದು ಮೊಬೈಲಿನಿಂದ ಮೊಬೈಲಿಗೆ ಹೋಗುವಷ್ಟರಲ್ಲಿ ಪದ ಬದಲಾಗಬಹುದು, ಯಾರದೋ ಅರ್ಥವಿವರಣೆಯೇ ಗೊರವಯ್ಯನ ಮಾತಾಗಿಬಿಡಬಹುದು. ಭರತ ಹುಣ್ಣಿಮೆಯ ಸಮಯದಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲೂ ಕಾರ್ಣಿಕ ನಡೆಯುವುದರಿಂದ ಅಲ್ಲಿಯದನ್ನು ಇಲ್ಲಿಯದೆಂದು ಹಂಚುವುದೂ ಸುಲಭ.

ಹಾರುವ ತಟ್ಟೆಗಳ ಕುರಿತ ಗಣ್ಯರ ಹೇಳಿಕೆಗಳಿಗೂ ಇದೇ ಪಾಡು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ 1969ರಲ್ಲಿ ಆಕಾಶದಲ್ಲಿ ವಿಚಿತ್ರ ಬೆಳಕು ಕಂಡೆನೆಂದದ್ದು ನಿಜ. 1973ರಲ್ಲಿ ಅವರೇ ಭರ್ತಿ ಮಾಡಿದ ವರದಿಯಿದೆ. ಆದರೆ ಅದು ಅನ್ಯಗ್ರಹದ ನೌಕೆ ಎಂದು ಅವರು ಸಾಧಿಸಲಿಲ್ಲ. ಚಂದ್ರನ ಮೇಲೆ ಅನ್ಯಗ್ರಹದವರನ್ನು ಕಂಡೆವೆಂದು ನೀಲ್ ಆರ್ಮ್‌ಸ್ಟ್ರಾಂಗ್ ಹೇಳಿದರೆನ್ನುವ ಮಾತು ಮಾತ್ರ ಶುದ್ಧ ಕಟ್ಟುಕತೆ. ಅಪೊಲೊ 11ರ ಸಂಭಾಷಣೆಯ ದಾಖಲೆಯನ್ನು ಯಾರು ಬೇಕಾದರೂ ಓದಬಹುದು; ಅದರಲ್ಲಿ ಆ ಮಾತಿಲ್ಲ.

ಕಾರ್ಣಿಕವನ್ನೂ ಹೀಗೆಯೇ ಒರೆಗೆ ಹಚ್ಚಬೇಕು. ಕತ್ತರಿಸದ ವಿಡಿಯೊ, ದಿನಾಂಕ, ಮರುದಿನದ ಎರಡು ಪತ್ರಿಕೆಗಳ ವರದಿ ಒಂದಕ್ಕೊಂದು ತಾಳೆಯಾಗುತ್ತವೆಯೇ ನೋಡಿ. ನಂಬುವವರ ಪಾಲಿಗೆ ಅದು ದೈವವಾಣಿ. ಅದರ ಒಂದು ಅಕ್ಷರವನ್ನೂ ತಿದ್ದದೆ ದಾಟಿಸಿ.